ರೀಫಿಲ್ಲಿನ ಗರಿಮೀನು

ನಾನು ಒಂದು ಫ್ಲೈ. ದೊಡ್ಡ ಮೀನಿನ ಕಣ್ಣಿಗೆ ಮರಿಮೀನಿನಂತೆ ಕಾಣುವ ಗರಿಯ ಬೊಂಬೆ. ಆದರೆ ಹುಟ್ಟಿದ್ದು ಬಾಲ್‌ಪೆನ್ನಿನ ರೀಫಿಲ್ಲಾಗಿ. ಗಂಗೊಳ್ಳಿಯ ಟೈಲರ್ ಜಲಜ ನನ್ನಿಂದ ಊರ ಹೆಂಗಸರ ರವಿಕೆಯ ಅಳತೆ ಬರೆಯುತ್ತಿದ್ದಳು. ಯಾರ ತೋಳು ಎಷ್ಟು ದಪ್ಪ ಎಂಬುದೆಲ್ಲ ನನಗೆ ಗೊತ್ತು, ಹೇಳುವುದಿಲ್ಲ.

ಶಾಯಿ ಮುಗಿದ ದಿನ ಎಸೆಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನನ್ನು ಬೆರಳ ಗೆಣ್ಣಿನಷ್ಟಕ್ಕೆ ಕತ್ತರಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಆಡಿನ ಬಿಳಿ ಕೂದಲು, ಹುಂಜದ ಗರಿ, ಹಳೆ ಸೀರೆಯ ಜರಿ ಎಲ್ಲ ಸುತ್ತಿದಳು. ಗಾಳ ನನ್ನ ಮೈಗೆ ಅಂಟಿಲ್ಲ. ದಾರ ನನ್ನ ಹೊಟ್ಟೆಯೊಳಗಿಂದ ಹಾದು ಹಿಂದೆ ಗಾಳಕ್ಕೆ ಗಂಟಾಗುತ್ತದೆ. ಮೀನು ಕಚ್ಚಿದರೆ ಗಾಳ ಅದರ ಬಾಯಲ್ಲಿ, ನಾನು ದಾರದ ಮೇಲೆ ಜಾರಿ ಹೊರಗೆ. ಅಳಿವೆಗೆ ಬಂದು ಮೀನು ಹಿಡಿಯುವ ಹಳೆಯ ರಾಡನ್ನು ಬಿಟ್ಟುಹೋದ ಪ್ರವಾಸಿಯೊಬ್ಬ ಅವಳಿಗೆ ಕಲಿಸಿದ ವಿದ್ಯೆ ಇದು.

ಒಂದೇ ಕೆಲಸ ಬಾಕಿಯಿತ್ತು. ನನ್ನ ಎರಡೂ ತುದಿಯ ಬಾಯಿಗಳನ್ನು ಮೇಣದಬತ್ತಿಗೆ ಹಿಡಿದು ನುಣುಪು ಮಾಡಬೇಕು. ಇಲ್ಲದಿದ್ದರೆ ಕತ್ತರಿಸಿದ ಅಂಚು ದಾರವನ್ನೇ ಕೊಯ್ಯುತ್ತದೆ. ಹಿಂದಿನ ಬಾಯಿ ಆಗಿತ್ತು. ಮುಂದಿನದನ್ನು ಉರಿಯ ಹತ್ತಿರ ತಂದಳು. ಅಷ್ಟರಲ್ಲಿ ಹೊರಗಿಂದ ಮಾವ ಬಚ್ಚ ಮೊಗವೀರರ ದನಿ.

"ನೀರ್ ಇಳೂಕ್ ಸುರು ಆಯ್ತ್. ಬತ್ಯಾ ಇಲ್ಯಾ ಹೆಣೆ?"

ಜಲಜ ಬತ್ತಿ ಆರಿಸಿ ಓಡಿದಳು.

ಅವಸರಕ್ಕೆ ಕಾರಣವಿತ್ತು. ಮಾವನ ಮಗ, ಅಂದರೆ ಜಲಜಳ ಗಂಡ, ದೊಡ್ಡ ಬೋಟಿಗೆ ಸೇರಿದ ಮೇಲೆ ಮನೆಯ ದೋಣಿ ಸುಮ್ಮನೆ ಬಿದ್ದಿತ್ತು. ಬಚ್ಚ ಮೊಗವೀರರು ಅದನ್ನು ಅದೇ ಊರಿನ ಮಹಾಬಲನಿಗೆ ಮಾರಲು ಮಾತಾಡಿದ್ದರು. ಗಾಳ ಹಾಕಲು ಬರುವ ಪ್ರವಾಸಿಗರನ್ನು ಅದೇ ದೋಣಿಯಲ್ಲಿ ತಾನೇ ಅಳಿವೆಗೆ ಕರೆದೊಯ್ಯಬೇಕೆಂದು ಜಲಜಳ ಆಸೆ.

"ಇವತ್ತ್ ಈ ಕೋಳಿಪುಕ್ಕದಲ್ಲಿ ಒಂದ್ ಸೀಬಾಸ್ ಮೀನ್ ಹಿಡಿ, ದೋಣಿ ನಿಂದ್," ಅಂದಿದ್ದರು ಮಾವ. "ಇಲ್ಲದಿರೆ ಸಂಜಿಗ್ ಮಹಾಬಲ ತಕಂಡ್ ಹೋತ."

ಮಹಾಬಲ ಆಗಲೇ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ.

ಮಾವ ಜಲ್ಲೆ ಊರಿ ದೋಣಿಯನ್ನು ನೀರಿಗೆ ಬೇರು ಇಳಿಬಿಟ್ಟ ಕಾಂಡ್ಲಾ ಗಿಡಗಳ ಬುಡಕ್ಕೆ ತಂದರು. ಜಲಜ ದಾರವನ್ನು ತಲೆಯ ಮೇಲೆ ಬೀಸಿ ನನ್ನನ್ನು ಬೇರುಗಳ ಪಕ್ಕ ಇಳಿಸಿದಳು. ಎಳೆದಳು, ಬಿಟ್ಟಳು. ಮತ್ತೆ ಬೀಸಿದಳು. ಎಷ್ಟೋ ಹೊತ್ತು ಏನೂ ಇಲ್ಲ.

"ರವಿಕಿ ಹೊಲೂದೇ ಲಾಯ್ಕ್ ಇತ್ತಲ್ದಾ?" ಅಂದರು ಮಾವ.

"ಮಾತಾಡ್ಬೇಡಿ ಮಾವ, ಮೀನ್ ನಗಾಡತ್ತ್."

ಆಗ ನೀರು ಬಾಯಿ ತೆರೆಯಿತು. ಕತ್ತಲೆ ನನ್ನನ್ನು ನುಂಗಿತು. ಗಾಳ ನಾಟಿತು, ನಾನು ದಾರದ ಮೇಲೆ ಜಾರಿ ಹೊರಬಿದ್ದೆ. ರಾಡು ಬಿಲ್ಲಾಯಿತು. ಮೀನು ಬೇರುಗಳ ಕಡೆ ನುಗ್ಗಿತು.

ದಾರ ನನ್ನ ಮುಂದಿನ ಬಾಯಿಗೆ ಉಜ್ಜುತ್ತಿತ್ತು. ಅವಳು ಎಳೆದಷ್ಟೂ ನಾನು ಕೊಯ್ಯುತ್ತಿದ್ದೆ. ಅವಳ ಕೈಯಿಂದಲೇ ಹುಟ್ಟಿ ಅವಳ ದಾರವನ್ನೇ ಕೊಯ್ಯುವುದೆಂದರೆ! ಕೂಗಲು ನನಗಿದ್ದದ್ದು ಅದೇ ಹಾಳು ಬಾಯಿ.

ಮಾವ ಬಾಗಿ ದಾರಕ್ಕೆ ಎರಡು ಬೆರಳು ತಾಗಿಸಿದರು. ಬಲೆ ಹೆಣೆದು ಹೆಣೆದು ಒರಟಾದ ಬೆರಳು. ಮುಖ ಬದಲಾಯಿತು.

"ದಾರ ಒಳ್ಗ್ ಎಲ್ಲೋ ಉಜ್ಜತ್ತ್. ಎಳೂಕಾಗ. ಮೀನ್ ಹೋದಲ್ಲಿಗ್ ದೋಣಿ ಹೋಯ್ಲಿ."

ಜಲ್ಲೆ ಹಿಡಿದವರು ಮುದುಕರೇ ಅಲ್ಲವೇನೋ ಎಂಬಂತೆ ದೋಣಿ ತಿರುಗಿತು. ಮೀನು ಬಲಕ್ಕೆ ಹೋದರೆ ದೋಣಿ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ. ದಾರ ಬಿಗಿಯಲೇ ಇಲ್ಲ. ಕೊನೆಗೆ ಮೀನು ದಣಿದು ಪಕ್ಕಕ್ಕೆ ಹೊರಳಿತು. ಬೆಳ್ಳಿಯ ಮೈ, ಕೆಂಡದಂಥ ಕಣ್ಣು. ಮಾವ ಕೈಬಲೆ ಚಾಚಿದರು. ಮೀನು ಒಮ್ಮೆ ತಲೆ ಕೊಡವಿತು.

ದಾರ ತುಂಡಾಯಿತು.

ಗಾಳ ಮೀನಿನೊಂದಿಗೆ ಹೋಯಿತು. ನಾನು ಹಗುರ ಪ್ಲಾಸ್ಟಿಕ್ಕು, ತೇಲಿ ಮೇಲೆ ಬಂದೆ. ಮಾವ ನನ್ನನ್ನು ಹೆಕ್ಕಿ ಮುಂದಿನ ಬಾಯಿಗೆ ಉಗುರು ತಾಗಿಸಿದರು.

"ಇಲ್ಲ್ ಕಾಸಲಿಲ್ಯಾ?"

"ನೀವ್ ಕರದ್ರಿ," ಅಂದಳು ಜಲಜ. ಅವಳ ಕಣ್ಣು ತುಂಬಿತ್ತು.

ಮಾವ ಮತ್ತೆ ಜಲ್ಲೆ ಹಿಡಿದರು. ದಡ ಮುಟ್ಟುವವರೆಗೂ ತಿರುತಿರುಗಿ ಆ ಬೇರುಗಳನ್ನೇ ನೋಡಿದರು. ಮಹಾಬಲ ಎದ್ದು ಬಂದು ಹಗ್ಗಕ್ಕೆ ಕೈ ಹಾಕಿದ.

"ಬಿಡ್ ಮಾರಾಯ," ಅಂದರು ಮಾವ. "ದೋಣಿ ಕೊಡೂಕ್ ಆತಿಲ್ಲೆ."

"ಮೀನ್ ಸಿಕ್ತಾ?"

"ಇಲ್ಲೆ. ಅದ್ಕೇ."

ಅದಾಗಿ ಎಷ್ಟೋ ಮಳೆಗಾಲ ಕಳೆದವು. ಈಗ ನಾನು ಹೊಲಿಗೆ ಮಿಷನ್ನಿನ ಪಕ್ಕದ ಸೂಜಿದಿಂಬಿನ ಮೇಲೆ ಇದ್ದೇನೆ. ಜರಿ ಕಪ್ಪಾಗಿದೆ, ಗರಿ ಉದುರಿದೆ. ನನ್ನ ಮುಂದಿನ ಬಾಯಿಯನ್ನು ಜಲಜ ಇಂದಿಗೂ ಕಾಸಿಲ್ಲ. ಅವಳ ದೋಣಿ ಹತ್ತಲು ಬರುವವರಿಗೆ ಮೊದಲು ನನ್ನನ್ನು ಕೊಟ್ಟು, "ಬೆರಳ್ ಇಟ್ಟ್ ಕಾಣಿ," ಅನ್ನುತ್ತಾಳೆ. ಮೂಲೆಯಲ್ಲಿ ಕೂತ ಮಾವ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಾರೆ: ಬಾಯಲ್ಲಿ ಗಾಳ ಇದ್ದ ಮೀನು ಎಲ್ಲಾದರೂ ಕಂಡಿತೇ ಎಂದು.

ಅದು ಸಿಗದೆ ಹೋದದ್ದಕ್ಕೇ ದೋಣಿ ಉಳಿದದ್ದು. ಕಾಣದಿರಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತೇನೆ.