ಹಸಿರು ದೀಪಕ್ಕೆ ಕಾಯದೆ

ಬೆಸುಗೆಯ ಹೊಗೆ ಇವತ್ತು ಕಿಟಕಿಯತ್ತ ಹೋಗುತ್ತಿಲ್ಲ, ನೇರ ಕಣ್ಣಿಗೇ ಬರುತ್ತಿದೆ, ಒಳ್ಳೆಯದೇ ಆಯಿತು, ಕಣ್ಣು ಒರೆಸಿಕೊಂಡರೆ ಯಾರೂ ಏನೂ ಕೇಳುವುದಿಲ್ಲ — ಆದರೂ ರಿಪೇರಿ ಅಂಗಡಿಯ ಒಡತಿ ನೋಡಿಬಿಟ್ಟಳು, ಅಕ್ಕಾ, ಆ ಬೋರ್ಡ್ ಇಲ್ಲಿಡಿ, ನಾನು ನೋಡ್ಕೋತೀನಿ, ಇನ್ನೊಂದು ವಾರ ಮನೇಲಿರಿ ಅಂದ್ರೆ ಕೇಳಲ್ಲ ನೀವು, ಎಂದು ಗದರುತ್ತಲೇ ಟೀ ಲೋಟವನ್ನು ನನ್ನ ಬಲಗೈ ಪಕ್ಕಕ್ಕೆ ಸರಿಸಿ, ಆರದಿರಲೆಂದು ಮೇಲೊಂದು ತಟ್ಟೆ ಮುಚ್ಚಿ ಹೋದಳು. ಮನೆಯಲ್ಲಿದ್ದು ಏನು ಮಾಡಲಿ, ಮನೆಯಲ್ಲಿ ಅಣ್ಣನ ಕುರ್ಚಿ ಇದೆ. ಈ ಬೋರ್ಡ್ ಅಣ್ಣನದು, ಅಂಗೈಯಗಲದ ಕಂಪ್ಯೂಟರ್, ಅದಕ್ಕೊಂದು ಸ್ಪೀಕರ್, ಹನ್ನೆರಡು ಬಟನ್, ಒಂದೊಂದಕ್ಕೂ ಅಣ್ಣನ ಒಂದೊಂದು ಮಾತು. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಬಸ್ಸು ಬರುವ ಹೋಗುವ ಹೊತ್ತನ್ನು ಮೈಕಿನಲ್ಲಿ ಸಾರಿದವನು, ಇನ್ನು ಮಾತು ಬರುವುದಿಲ್ಲ ಅಂತ ಗೊತ್ತಿದ್ದೇ ಗಂಟಲಿನ ಆಪರೇಷನ್ನಿನ ಹಿಂದಿನ ದಿನ ಕೂತು ರೆಕಾರ್ಡ್ ಮಾಡಿಸಿದ, ನೀರು ಬೇಕು, ಫ್ಯಾನ್ ಹಾಕು, ತಂಗಿ ಬಾ, ಯಾರಾದ್ರೂ ಬನ್ನಿ, ಆಮೇಲೆ ಮುಖ ಗಂಭೀರ ಮಾಡಿಕೊಂಡು, ನಿನ್ನ ಅಡುಗೆ ಬಗ್ಗೆ ನಾನೇನೂ ಹೇಳಲ್ಲ ಅಂತಲೂ ಒಂದಿರಲಿ ಕಣೇ, ದಿನಾ ಬೇಕಾಗುತ್ತೆ. ದಿನಾ ಒತ್ತುತ್ತಿದ್ದ, ತಟ್ಟೆ ಖಾಲಿ ಮಾಡಿದ ಮೇಲೆಯೇ.

ಗಿರಾಕಿಗಳಿಗೆ ನಾನೇ ಹೇಳುತ್ತೇನೆ, ಬೋರ್ಡ್ ಏಳುವಾಗ ಮೊದಲು ಓದುವ ನಾಲ್ಕಾರು ಬೂಟ್ ಫೈಲುಗಳಿವೆ, ಅವು ಕೆಟ್ಟರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ, ಅದಕ್ಕೇ ಮೆಮೊರಿ ಕಾರ್ಡಿನ ಆ ಭಾಗಕ್ಕೆ ಬೀಗ ಹಾಕಿದ್ದೇನೆ, ಓದಬಹುದು, ಬರೆಯಲಾಗದು, ನೀವು ಯಾವಾಗ ಪ್ಲಗ್ ಕಿತ್ತರೂ ಭಯವಿಲ್ಲ. ಅಣ್ಣನ ಬೋರ್ಡಿಗೂ ಹಾಕಿದ್ದೆ. ಧ್ವನಿ ಸಣ್ಣಗೆ ಬರುತ್ತೆ, ನಾನು ಹೀಗಾ ಕೂಗ್ತಿದ್ದಿದ್ದು, ಅಂತ ಚೀಟಿಯಲ್ಲಿ ಬರೆದು ತೋರಿಸಿದ, ಸ್ಪೀಕರಿನ ಸೆಟ್ಟಿಂಗ್ ಇರುವುದೂ ಅದೇ ಭಾಗದಲ್ಲಿ, ಬೀಗ ತೆಗೆದೆ, ಮತ್ತೆ ಹಾಕಲಿಲ್ಲ, ನಾಳೆ ಇನ್ನೊಮ್ಮೆ ತೆಗೆಯಬೇಕಲ್ಲ, ಮನೆಯದೇ ತಾನೆ — ಮನೆಯದೇ ತಾನೆ. ಆ ಮಧ್ಯಾಹ್ನ ಊಟಕ್ಕೆ ಬಂದವಳು ಆ ಭಾಗಕ್ಕೆ ಹೊಸ ಫೈಲುಗಳನ್ನು ಬರೆಯಲು ಬಿಟ್ಟು ಕೂತಲ್ಲೇ ಕಣ್ಣು ಮುಚ್ಚಿದೆ, ಸ್ಪೀಕರ್ ಗೊರಗೊರ ಅನ್ನುತ್ತಿತ್ತು, ಎಚ್ಚರವಾದಾಗ ಸದ್ದಿಲ್ಲ, ನನ್ನ ಕಾಲ ಮೇಲೆ ಅಣ್ಣನ ಶಾಲು, ಪ್ಲಗ್ ಗೋಡೆಯಿಂದ ಹೊರಗೆ, ಅವನು ನಗುತ್ತಾ ಚೀಟಿ ಹಿಡಿದಿದ್ದಾನೆ, ನಿನ್ನ ನಿದ್ದೆ ಕೆಡಿಸ್ತಿತ್ತು, ಕಿತ್ತುಬಿಟ್ಟೆ. ಅರ್ಧ ಬರೆದ ಫೈಲುಗಳು. ನನಗೆ ಹೊಳೆಯಲಿಲ್ಲವೇ, ಹೊಳೆಯಿತು, ಆದರೆ ಗಂಟೆ ಮೂರಾಗುತ್ತಿತ್ತು, ಪ್ಲಗ್ ಹಾಕಿದೆ, ಕೆಂಪು ದೀಪ ಹತ್ತಿತು, ಸರಿ ಅಂದುಕೊಂಡು ಚಪ್ಪಲಿ ಮೆಟ್ಟಿದೆ. ಕೆಂಪು ದೀಪ ಕರೆಂಟ್ ಬಂದಿದೆ ಅಂತಷ್ಟೇ ಹೇಳುವುದು, ಹಸಿರು ಮಿಣುಕಿದರೇ ಬೋರ್ಡ್ ಎದ್ದಿದೆ ಅಂತ, ಎಷ್ಟು ಜನಕ್ಕೆ ಹೇಳಿಲ್ಲ ನಾನು, ಹಸಿರಿಗೆ ಕಾಯಿರಿ, ಅರ್ಧ ನಿಮಿಷ.

ಪಕ್ಕದ ಮನೆಯ ದರ್ಜಿ ಅವತ್ತು ಸಂಜೆ ನನ್ನ ಕೈ ಬಿಡಲೇ ಇಲ್ಲ, ಮೆಷಿನ್ ನಿಲ್ಲಿಸಿ ನಿಲ್ಲಿಸಿ ಕಿವಿ ಕೊಡ್ತಿದ್ದೆ ಅಕ್ಕಾ, ಯಾರಾದ್ರೂ ಬನ್ನಿ ಅಂತ ಒಂದು ಸಲ ಕೇಳಿದ್ರೆ ಓಡಿ ಬರ್ತಿದ್ದೆ, ಏನೂ ಕೇಳಿಸಲೇ ಇಲ್ವಲ್ಲ. ಡಾಕ್ಟರು, ಕಫ ಕಟ್ಟಿ ಉಸಿರು ನಿಂತಿದೆ, ಆ ಹೊತ್ತಿಗೆ ಯಾರಾದರೂ, ಎಂದವರು ಅಲ್ಲಿಗೇ ನಿಲ್ಲಿಸಿ ಕನ್ನಡಕ ಒರೆಸತೊಡಗಿದರು, ಒಳ್ಳೆಯವರು. ಬಾಗಿಲು ತೆಗೆದಾಗ ಅವನು ಬೋರ್ಡಿನ ಮೇಲೆ ಬಾಗಿದ್ದ, ನಾಲ್ಕನೇ ಬಟನ್ನಿನ ಮೇಲೆ ಹೆಬ್ಬೆರಳು — ಬೇಡ, ಈಗ ಅದು ಬೇಡ, ಕಾರ್ಡ್ ತೆಗೆ, ಇನ್ನೊಂದು ಬೋರ್ಡಿನ ಬೂಟ್ ಫೈಲುಗಳನ್ನು ಇದಕ್ಕೆ ನಕಲು ಮಾಡು, ಎಷ್ಟು ಹೊತ್ತಿನ ಕೆಲಸ, ಎರಡು ನಿಮಿಷ, ಅವನ ಮಾತುಗಳು ಬೇರೆ ಭಾಗದಲ್ಲಿದ್ದವು, ಒಂದಕ್ಕೂ ಏನೂ ಆಗಿಲ್ಲ, ಬೀಗ ಹಾಕಿದೆ, ಮತ್ತೊಮ್ಮೆ ಪರೀಕ್ಷಿಸಿದೆ, ಈಗ ಯಾರು ಎಷ್ಟು ಸಲ ಪ್ಲಗ್ ಕಿತ್ತರೂ ಏನೂ ಆಗದು, ಯಾರು ಕೀಳುತ್ತಾರೆ. ಕೆಂಪು ಹತ್ತಿತು. ಕಾಯುತ್ತೇನೆ. ಹಸಿರು ಮಿಣುಕಿತು, ನಿಂತಿತು, ಮತ್ತೆ ಮಿಣುಕಿತು. ಎದ್ದಿತಾ ಅಕ್ಕಾ, ಒಡತಿ ಆಚೆಯಿಂದ ಮೆಲ್ಲಗೆ ಕೇಳಿದಳು, ಎದ್ದಿತಮ್ಮಾ, ಹಾಗಾದ್ರೆ ಒಂದು ಬಟನ್ ಒತ್ತಿ ನೋಡಿ, ಒತ್ತಬೇಕು, ನೀರು ಬೇಕು ಒತ್ತಲೇ, ಫ್ಯಾನ್ ಒತ್ತಲೇ, ಕೈ ತಾನಾಗಿ ನಾಲ್ಕನೆಯದರ ಹತ್ತಿರ ಹೋಗುತ್ತದೆ, ಅಲ್ಲಿ ಜಾಗವಿಲ್ಲ, ಅಲ್ಲಿ ಅವನ ಹೆಬ್ಬೆರಳಿದೆ, ಉಗುರು ಬಿಳಿಚುವಷ್ಟು ಒತ್ತಿದ್ದಾನೆ, ಎಷ್ಟು ಸಲ ಒತ್ತಿದನೋ, ನಾನೇ ಬಿಡಿಸಿದೆ, ಬಿಡಿಸಿದರೂ ಹಾಗೇ ಮಡಿಚಿಕೊಂಡೇ ಇತ್ತು, ಹೆಬ್ಬೆರಳು, ಬಟನ್ನಿನ ಮೇಲೆ, ಹೆಬ್ಬೆರಳು