ಟೊಪ್ಪಿ ಹಾಕಿದವಳು

ಒಮಾನಿನ ಸಲಾಲಾದ ಆಗಸ್ಟ್ ತಿಂಗಳೆಂದರೆ ಮಳೆಯೆನ್ನಲಾಗದ, ಮಂಜೆಂದು ಬಿಡಲೂ ಆಗದ ಒಂದು ಹನಿಮೋಹ! ಉಳಿದ ಅರಬಸ್ತಾನವೆಲ್ಲ ಬಾಣಲೆಯಂತೆ ಕಾಯುತ್ತಿರುವಾಗ ಈ ಒಂದು ತುಣುಕು ಕಡಲತೀರ ಮಾತ್ರ ನವವಧುವಿನ ಮುಸುಕಿನಂಥ ತುಂತುರನ್ನು ಹೊದ್ದು, ಬೆಟ್ಟಗಳ ಬೆನ್ನಿಗೆ ಹಸುರನ್ನು ಸವರಿಕೊಂಡು, ತೆಂಗಿನ ಗರಿಗಳ ತುದಿಯಿಂದ ಬೆಳಕನ್ನು ತೊಟ್ಟಿಕ್ಕಿಸುತ್ತ ಕುಳಿತಿರುತ್ತದೆ... ೧೯೮೮ರ ಅಂಥದೊಂದು ಆರ್ದ್ರ ಅಪರಾಹ್ನದಲ್ಲಿ, ಸಹೃದಯರೇ, ಉಳ್ಳಾಲದ ಇಸುಬು ತನ್ನ ಅಂಗಡಿಯಲ್ಲಿ ಬಾಯಿ ಮುಚ್ಚಿ ಕುಳಿತಿದ್ದ. ಅದೇ ಆ ಋತುವಿನ ಮಹದಾಶ್ಚರ್ಯ!

ಒಮಾನಿಗರ ಕಸೂತಿ ಟೊಪ್ಪಿ ‘ಕುಮ್ಮ’ವನ್ನು ಹೊಲಿಯುವುದು ಅವನ ವೃತ್ತಿ, ಅಣಕ ಅವನ ಪ್ರವೃತ್ತಿ. ಊರಿಗೆಲ್ಲ ಟೊಪ್ಪಿ ಹಾಕಿಯೂ ಪ್ರಾಮಾಣಿಕನಾಗಿ ಉಳಿದವನು ತಾನೊಬ್ಬನೇ ಎಂದು ಹೇಳಿಕೊಳ್ಳುತ್ತಿದ್ದ. ವೀಸಾ ಕೊಟ್ಟ ಅರಬ್ಬಿ ಧಣಿ ಕಫೀಲನ ಕೆಮ್ಮು, ಒಂಟೆಯ ಅಸಮಾಧಾನ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಕಸೂತಿ ಹಾಕುತ್ತಿದ್ದವಳು ರೊಫಿಯಾ. ಕಾಂಬೋಡಿಯದ ಚಾಂ ಮುಸಲ್ಮಾನರ ಮಗಳು. ಬಾಲ್ಯದಲ್ಲೇ ಊರು ಬಿಟ್ಟು ಓಡಿ, ಮಲೇಷ್ಯದಲ್ಲಿ ಬೆಳೆದು, ತಂದೆ ಸ್ಲೆಹ್‌ಗೆ ಇಲ್ಲಿನ ತೆಂಗಿನ ತೋಟದಲ್ಲಿ ಕೆಲಸ ಸಿಕ್ಕಿದ ಮೇಲೆ ಜೊತೆಗೆ ಬಂದವಳು. ಹೊಲಿಗೆಯನ್ನು ಅವಳು ತನ್ನ ಚಾಂ ಮಾತಿನಲ್ಲೇ ಎಣಿಸುತ್ತಿದ್ದಳು: ಸಾ, ದುವಾ, ಕ್ಲೌ, ಪಾಕ್... ಆ ಪಿಸುದನಿಗೆ ಇಸುಬುವಿನ ಎದೆ ಎಂದೋ ಸೋತಿತ್ತು. ಈ ತುಂತುರಿನ ಕಾಲ ಕಳೆದೊಡನೆ ಸ್ಲೆಹ್‌ನಲ್ಲಿ ಹೆಣ್ಣು ಕೇಳುವುದೆಂದೂ ನಿಶ್ಚಯಿಸಿದ್ದ. ಆದರೆ ಕಳೆದ ವಾರ, ಗಿರಾಕಿಗಳೆದುರು, ಆ ಎಣಿಕೆಯನ್ನೇ ಮೂಗಿನಲ್ಲಿ ಎಳೆದು ಹಾಡಿಬಿಟ್ಟ. ಅಂಗಡಿಯೆಲ್ಲ ನಕ್ಕಿತು. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದಳು.

“ಪೈರು ನೆಡುವಾಗ ಅಮ್ಮ ಹೀಗೆ ಎಣಿಸಿದಳು. ಈ ಭಾಷೆ ಆಡಬಾರದೆಂದಿತ್ತು ಆಗ ಅಲ್ಲಿ. ಸೈನಿಕರು ಕರೆದುಕೊಂಡು ಹೋದರು, ಅವಳು ತಿರುಗಿ ಬರಲಿಲ್ಲ. ನಗಲಿಕ್ಕೆ ಬೇರೇನಾದರೂ ಹುಡುಕಿಕೋ.”

ಮತ್ತೆ ಅವಳು ಬರಲಿಲ್ಲ.

“ಖಲಾಸ್, ದೇಜಪ್ಪಣ್ಣ,” ಎಂದ ಇಸುಬು.

ಪಕ್ಕದ ಟೈಪಿಂಗ್ ಅಂಗಡಿಯ ದೇಜಪ್ಪ ಚಹಾ ಹೀರಿದ. “ಬಾಯಿಗೊಂದು ಗುಂಡಿ ಹೊಲಿದುಕೋ ಅಂತ ಎಷ್ಟು ಸಲ ಹೇಳಿದ್ದೆ ಮಾರಾಯ. ಈಗ ಗುಂಡಿಗೆ ನೀನೇ ಬಿದ್ದೆ.”

ಶಾಲೆಯಲ್ಲಿ ತನ್ನ ಬ್ಯಾರಿ ಮಾತನ್ನು ಹುಡುಗರು ಅಣಕಿಸಿದ್ದು ಇಸುಬುವಿಗೆ ನೆನಪಾಯಿತು. ಅವರಿಗಿಂತ ಮೊದಲೇ ನಗಿಸಿಬಿಡಲೆಂದಲ್ಲವೇ ತಾನು ಅಣಕ ಕಲಿತದ್ದು! ತುಂತುರಿನಲ್ಲಿ ನೆನೆಯುತ್ತ ತೋಟಕ್ಕೆ ನಡೆದ. ಹೆಣ್ಣು ಕೇಳಲಿಲ್ಲ, ಎಣಿಕೆ ಕಲಿಸಿಕೊಡೆಂದು ಕೇಳಿದ. ಸ್ಲೆಹ್ ಉದುರಿದ ತೆಂಗಿನಕಾಯಿಗಳನ್ನು ಎಣಿಸಲೆಂದು ಸಾಲಾಗಿ ಜೋಡಿಸಿದ. ಹತ್ತು ದಿನ ಆ ಪಾಠ ನಡೆಯಿತು.

ಹನ್ನೊಂದನೆಯ ದಿನ ಅವಳು ಅರ್ಧಕ್ಕೆ ಬಿಟ್ಟುಹೋದ ಕುಮ್ಮವನ್ನು ಇಸುಬು ಕೈಗೆತ್ತಿಕೊಂಡು, ತುಂಬಿದ ಅಂಗಡಿಯಲ್ಲಿ, ತನ್ನ ಸ್ವಂತ ದನಿಯಲ್ಲಿ ಎಣಿಸತೊಡಗಿದ. ಯಾರೋ ನಕ್ಕರು. ಅವನು ನಗಲಿಲ್ಲ. ತನ್ನ ಸೂಜಿಪೆಟ್ಟಿಗೆ ಒಯ್ಯಲು ಬಂದ ರೊಫಿಯಾ ಬಾಗಿಲಲ್ಲೇ ನಿಂತಳು.

“ಕ್ಲೌ ಅಷ್ಟು ಬೇಗ ನುಂಗಬಾರದು,” ಎಂದಳು. “ಇನ್ನೊಮ್ಮೆ.”

ಅವನು ಇನ್ನೊಮ್ಮೆ ಹೇಳಿದ. ಗದ್ದ ಎತ್ತಿ, ರಾಣಿಯಂತೆ ಒಳಬಂದು ಕುಳಿತು, ಅವಳು ಕೊನೆಯ ಹೊಲಿಗೆಗಳನ್ನು ಗಟ್ಟಿಯಾಗಿ, ಬೀದಿಗೇ ಕೇಳುವಂತೆ ಎಣಿಸಿ ಮುಗಿಸಿದಳು. ನೂಲು ಕಡಿದು, ಕುಮ್ಮವನ್ನು ಅವನ ತಲೆಯ ಮೇಲಿಟ್ಟಳು.

“ಅಪ್ಪನ ಹತ್ತಿರ ಇದನ್ನು ಹಾಕಿಕೊಂಡು ಬಾ.”

ಟೊಪ್ಪಿ ಬಿದ್ದವನು ಇಷ್ಟು ಧನ್ಯನಾಗಿ ನಿಂತದ್ದನ್ನು ಲೋಕ ಕಂಡಿರಲಿಲ್ಲ! ನೆಲ ಬಿಟ್ಟವರು ಒಯ್ಯುವುದು ಬಹಳ ಸಲ ನಾಲಿಗೆಯೊಂದನ್ನೇ... ಆ ನಾಲಿಗೆಯ ಒಂದು, ಎರಡು, ಮೂರನ್ನು ಪರನಾಡಿನಲ್ಲಿ ಇನ್ನೊಬ್ಬರು ತಪ್ಪದೆ ಹೇಳಿದ ಗಳಿಗೆಯಲ್ಲಿ, ಕಳೆದ ತಾಯಿಯೊಬ್ಬಳು ಎಣಿಕೆಗೆ ಮರಳಿ ಸೇರುತ್ತಾಳೆ. ಪ್ರೀತಿಯೂ ಅಲ್ಲಿಂದಲೇ, ಸಾ ಎಂಬಲ್ಲಿಂದಲೇ, ಮೊದಲಾಗುತ್ತದೆ.