ಅಪ್ಪರ್ ಹಟ್‌ಗೆ ಬೂದು ಬಣ್ಣ

ನ್ಯೂಜಿಲೆಂಡಿನ ಯಾವ ಜಿಲ್ಲೆಯಲ್ಲಿ ಲ್ಯಾಟಿನ್ ಅಮೆರಿಕದ ಜನ ಎಷ್ಟಿದ್ದಾರೆಂದು ನಕಾಶೆಯಲ್ಲಿ ತೋರಿಸುವುದು ನಮ್ಮ ಆರೋಗ್ಯ ಇಲಾಖೆಯ ಆಫೀಸಿನವರು ಈ ವರ್ಷ ನನ್ನ ತಲೆಗೆ ಕಟ್ಟಿದ ಕೆಲಸ. ಹೆಚ್ಚಿದ್ದಲ್ಲಿ ಗಾಢ ಕೆಂಪು, ಕಡಿಮೆ ಇದ್ದಲ್ಲಿ ತೆಳು ಕೆಂಪು. ಮೇಲಿನವರು ಹಾಕಿದ ಮಿತಿಗಿಂತ ಕೆಳಗಿದ್ದರೆ ಬೂದು. ಬೂದು ಬಿದ್ದ ಊರಿಗೆ ಹೆರಿಗೆ ನೋಡುವ, ಸ್ಪ್ಯಾನಿಷ್ ಬಲ್ಲ ಮಿಡ್‌ವೈಫ್ ಬರುವುದು ನಿಲ್ಲುತ್ತದೆ. ನಾವಿರುವ ಅಪ್ಪರ್ ಹಟ್ ಊರಿಗೂ ಬೂದು ಬಿತ್ತು.

ನಮ್ಮ ಪಕ್ಕದ ಮನೆಯಲ್ಲಿ ಕೊಲಂಬಿಯಾದ ಮಾರಿಸೊಲ್ ಇದ್ದಳು, ತುಂಬಿದ ಬಸುರಿ. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಗದಗದಿಂದ ಬಂದು ನಮ್ಮೊಂದಿಗಿರುವ ನನ್ನ ಅತ್ತೆ ರತ್ನವ್ವನಿಗೆ ಅಷ್ಟೂ ಇಲ್ಲ. ಹಾಗಿದ್ದೂ ನಾನೂ ಗಂಡಸರೂ ಕೆಲಸಕ್ಕೆ ಹೋದ ಮೇಲೆ ಇಬ್ಬರೂ ನಮ್ಮ ಅಡುಗೆಮನೆಯಲ್ಲೇ. ಅತ್ತೆ ಜೋಳದ ರೊಟ್ಟಿ ಬಡಿಯುತ್ತಿದ್ದರು, ಅವಳು ಮೆಕ್ಕೆಜೋಳದ ಹಿಟ್ಟು ತಟ್ಟುತ್ತಿದ್ದಳು. ಹೆಸರು ಬಾಯಲ್ಲಿ ಹೊರಳದೆ ಅತ್ತೆ ಅವಳನ್ನು ಮಾರೆವ್ವ ಮಾಡಿಕೊಂಡಿದ್ದರು.

"ಇದೇನ ರೊಟ್ಟಿನೋ ಸೆಗಣಿ ಕುಳ್ಳೋ, ಮಾರೆವ್ವ? ತೆಳ್ಳಗ ಬಡಿಯವಾ," ಎಂದು ಅತ್ತೆ ರೇಗಿಸಿದರೆ ಅವಳು ಸ್ಪ್ಯಾನಿಷಿನಲ್ಲಿ ಏನೋ ತಿರುಗಿಸಿ ಅನ್ನುವಳು. ಇಬ್ಬರೂ ನಗುವರು. ಆಫೀಸಿನಿಂದ ಸುಸ್ತಾಗಿ ಬಂದ ನನಗೆ ಆ ನಗು ಕೇಳಿದರೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವಳಿಗಾಗಿ ನಾನು ಜಗಳವಾಡಲಿಲ್ಲವೆಂದಲ್ಲ. ಅಪ್ಪರ್ ಹಟ್, ಲೋವರ್ ಹಟ್ ಎರಡೂ ಒಂದೇ ಕಣಿವೆ, ಒಂದೇ ರೈಲು. ಸೇರಿಸಿ ಎಣಿಸಿದರೆ ಮಿತಿ ದಾಟುತ್ತದೆ ಎಂದೆ. ಮೊದಲ ಮೀಟಿಂಗಿನಲ್ಲಿ ಮ್ಯಾನೇಜರ್ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಮುಂದಿನದರಲ್ಲಿ, ಒಬ್ಬೊಬ್ಬರ ನೆರೆಮನೆಯವರನ್ನು ನೋಡಿ ಗಡಿ ಅಳಿಸಲಾಗದು ಎಂದು ಮುಗಿಸಿದರು. ನನಗೂ ಸಾಕಾಗಿತ್ತು. ಬೂದು ಬಣ್ಣ ತುಂಬಿ ಕಳಿಸಿ, ರೈಲು ಹತ್ತಿ ಮನೆಗೆ ಬಂದೆ.

ಮಿಡ್‌ವೈಫ್ ಬರುವುದು ನಿಂತಿತು. ಮಾರಿಸೊಲ್‌ಳ ಗಂಡ ಬೇಲಿಯ ಬಳಿ ಬಂದು, ಕ್ವೀನ್ಸ್‌ಟೌನಿನಲ್ಲಿ ತಮ್ಮವರು ಬಹಳ ಇದ್ದಾರೆ, ಹೆರಿಗೆಯ ಹೊತ್ತಿಗೆ ಭಾಷೆ ಬಲ್ಲವರು ಬೇಕು, ಶನಿವಾರ ಹೊರಡುತ್ತೇವೆ ಎಂದ. ಆ ನಕಾಶೆ ನನ್ನದೇ ಎಂಬುದನ್ನು ಮುಚ್ಚಿಟ್ಟೆ. ನಾಚಿಕೆಯಾಯಿತು.

ಬಸುರಿಯನ್ನು ಬರಿಗೈಲಿ ಕಳಿಸುವುದುಂಟೇ? ಶನಿವಾರ ಅತ್ತೆ ಅವಳನ್ನು ಮಣೆಯ ಮೇಲೆ ಕೂರಿಸಿ, ಹಸಿರು ಬಳೆ ತೊಡಿಸಿ, ಅಕ್ಕಿ, ತೆಂಗಿನಕಾಯಿ, ಕುಬಸ ಹೊಲಿಸುವ ಕಣ ಇಟ್ಟು ಉಡಿ ತುಂಬಿದರು. ಸೀರೆಯ ಸೆರಗಿಲ್ಲದ ಅವಳು ಸ್ವೆಟರಿನ ಅಂಚನ್ನೇ ಒಡ್ಡಿದಳು. ಅರ್ಧ ಅಕ್ಕಿ ನೆಲಕ್ಕೆ ಚೆಲ್ಲಿತು. ಅತ್ತೆಯ ಕೊರಳು ತಬ್ಬಿ ಜೋರಾಗಿ ಅತ್ತಳು.

ಕಾರು ಹೋದ ಮೇಲೆ ಅತ್ತೆ ಆವತ್ತು ರೊಟ್ಟಿ ಮಾಡಲಿಲ್ಲ. ಸಂಜೆ ನನ್ನ ಪಕ್ಕ ಬಂದು ಕೂತರು.

"ಆಕಿ ಹೋದ ಊರಾಗ ಆಕಿ ಮಂದಿ ಭಾಳ ಅದಾರೇನ?"

"ಹೌದ್ರಿ ಅತ್ತಿ. ನಕಾಶ್ಯಾಗ ಕೆಂಪಗ ಕಾಣ್ತದ."

"ನಮ್ಮ ಮಂದೀದೂ ಇಂಥಾ ನಕಾಶಿ ಐತೇನ?"

ಲ್ಯಾಪ್‌ಟಾಪ್ ತೆರೆದು ಭಾರತೀಯರ ನಕಾಶೆ ತೋರಿಸಿದೆ. ನಮ್ಮ ಕಣಿವೆಗೆ ಒಳ್ಳೆಯ ಗಾಢ ಬಣ್ಣ ಬಿದ್ದಿತ್ತು. ಅವರಿಗೆ ಸಮಾಧಾನವಾಗಲೆಂದು, "ನೋಡ್ರಿ, ನಮ್ಮ ಮಂದಿ ಇಲ್ಲೇ ಎಷ್ಟ ಅದಾರ," ಎಂದೆ.

ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇಷ್ಟ ಮಂದಿ ಅದಾರ?" ಎಂದರು. "ಮತ್ತ ನಾ ಬಂದು ಎರಡ ವರ್ಷ ಆತು. ನನ್ನ ಮಾತಾಡಸಾಕ ಈ ಮನಿಗೆ ಬಂದಾಕಿ ಆಕಿ ಒಬ್ಬಾಕಿನ ಅಲ್ಲೇನವಾ?"